ಮಂಚದ ಮೇಲೆ ಮಾತ್ರ ಯಾಕೆ ಬಿಸಿ?

ದಾವಣಗೆರೆಯಲ್ಲಿ 22 ವರ್ಷದಿಂದ ಮನೆ ಕಟ್ಟಿಸುತ್ತಿರುವ ಸಿವಿಲ್ ಎಂಜಿನಿಯರ್ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಹೋದ ವರ್ಷ ನಮ್ಮ ಮನೆಯ ಮೋಲ್ಡ್ ಮೇಲೆ ಬಿಸಿಲ ಕಾವು ತಡೆಯಲು ಎರಡು ಇಂಚಿನ ಫೋಮ್ ಹಲಗೆ ಹಾಕಿಸಿ, ಅದರ ಮೇಲೆ ಕಾಂಕ್ರೀಟ್, ಬಿಳಿ ಟೈಲ್ಸ್ ಮಾಡಿಸಿದೆ. ಹಾಲ್ ಈಗ ತಂಪಾಗಿದೆ. ಆದರೆ ಪಡುವಣ ಬದಿಯ ಮಲಗುವ ಕೋಣೆಯಲ್ಲಿ, ಸರಿಯಾಗಿ ಮಂಚದ ಮೇಲೆ, ರಾತ್ರಿ ಹತ್ತಾದರೂ ಕಾವು ಇಳಿಯುವುದಿಲ್ಲ. ಮೇಸ್ತ್ರಿಯನ್ನು ಕೇಳಿದರೆ “ದಾವಣಗೆರೆ ಬಿಸಿಲಲ್ವಾ ಸಾರ್” ಅನ್ನುತ್ತಾರೆ. ಹಲಗೆಯೇ ಕಳಪೆಯಾ?
— ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಮೇಷ್ಟ್ರೇ, ಹಲಗೆ ಕಳಪೆಯಾಗಿದ್ದರೆ ಹಾಲ್ ಕೂಡ ಕಾಯುತ್ತಿತ್ತು. ನಿಮ್ಮ ಮಂಚದ ಮೇಲೆ ಹಲಗೆಯೇ ಇಲ್ಲ ಅನ್ನುವುದು ನನ್ನ ಅನುಮಾನ.

ಇವತ್ತು ರಾತ್ರಿ ಒಂಬತ್ತಕ್ಕೆ ಒಂದು ಕೆಲಸ ಮಾಡಿ. ಮನೆಯಲ್ಲಿ ಹುಡುಗರಿದ್ದರೆ ಏಣಿ ಹತ್ತಿಸಿ, ನೀವು ಹತ್ತಬೇಡಿ. ಅಂಗೈಯನ್ನು ಚಾವಣಿಗೆ ಒತ್ತಿ ಹಿಡಿಯಲಿ. ಮೊದಲು ಕೋಣೆಯ ನಡುವೆ. ಆಮೇಲೆ ಏಣಿ ಸರಿಸುತ್ತಾ ಪಡುವಣ ಗೋಡೆಯ ಕಡೆ ಬರಲಿ. ಗೋಡೆ ಇನ್ನೊಂದೂವರೆ ಅಡಿ ಇರುವಾಗಲೇ ಕೈಗೆ ಗೊತ್ತಾಗುತ್ತದೆ. ನಡುವೆ ತಣ್ಣಗಿದ್ದ ಚಾವಣಿ ಅಲ್ಲಿ ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಇರುತ್ತದೆ.

ನಮ್ಮ ಕಡೆ ಪ್ಯಾರಾಪೆಟ್ ಬುಡದಲ್ಲಿ ಒಂದಡಿ ಹಲಗೆ ಬಿಟ್ಟುಬಿಡುವುದು ತುಂಬಾ ಕಂಡಿದ್ದೇನೆ. ಅಲ್ಲಿ ಹಲಗೆಯನ್ನು ಅಳತೆಗೆ ಕುಯ್ಯಬೇಕು. ನೀರು ನಿಲ್ಲದ ಹಾಗೆ ಮೂಲೆಗೆ ಗಾರೆಯನ್ನು ಉರುಟಾಗಿ ಕೊಡಬೇಕು. ಅಷ್ಟೊತ್ತಿಗೆ ಸಂಜೆಯಾಗಿರುತ್ತದೆ. ಉಳಿದ ಜಾಗಕ್ಕೆ ಕಾಂಕ್ರೀಟ್ ಸುರಿದು ಮಟ್ಟ ಮಾಡುತ್ತಾರೆ. ಟೈಲ್ಸ್ ಕೂತ ಮೇಲೆ ಯಾರ ಕಣ್ಣಿಗೂ ಕಾಣುವುದಿಲ್ಲ.

ಒಂದಡಿ ತಾನೇ ಅನ್ನಿಸಬಹುದು. ಲೆಕ್ಕ ನೋಡಿ, ನೀವು ಮೇಷ್ಟ್ರು. ಕೋಣೆ 10 ಅಡಿಗೆ 12 ಅಡಿ ಅಂತ ಇಟ್ಟುಕೊಳ್ಳಿ, ಅಂದರೆ 120 ಚದರ ಅಡಿ. ಪಡುವಣದ ಉದ್ದಕ್ಕೆ ಒಂದಡಿ ಬಿಟ್ಟರೆ 12 ಚದರ ಅಡಿ ಬರಿ ಕಾಂಕ್ರೀಟ್. ಎರಡು ಇಂಚು ಹಲಗೆ ಇರುವ ಕಡೆಗಿಂತ ಬರಿ ಮೋಲ್ಡ್‌ನಲ್ಲಿ ಐದಾರು ಪಟ್ಟು ಜಾಸ್ತಿ ಶಾಖ ಇಳಿಯುತ್ತದೆ. ಹಲಗೆ ಇರುವ ಒಂದು ಚದರ ಅಡಿಗೆ ಒಂದು ಪಾಲು, ಇಲ್ಲದ ಕಡೆ ಆರು ಪಾಲು ಅಂತ ಹಿಡಿಯಿರಿ. ಹಲಗೆ ಇರುವ 108 ಚದರ ಅಡಿಯಿಂದ 108 ಪಾಲು, ಇಲ್ಲದ 12 ಚದರ ಅಡಿಯಿಂದ 72 ಪಾಲು. ಒಟ್ಟು 180. ಪೂರ್ತಿ ಮುಚ್ಚಿದ್ದರೆ 120 ಇರುತ್ತಿತ್ತು. ಹತ್ತರಲ್ಲಿ ಒಂದು ಪಾಲು ಜಾಗ ಬಿಟ್ಟಿದ್ದಕ್ಕೆ ಶಾಖ ಒಂದೂವರೆ ಪಟ್ಟಾಯಿತು.

ಇನ್ನೊಂದು ದಾರಿ ಪಕ್ಕದಿಂದ ಇದೆ. ಮಧ್ಯಾಹ್ನದ ಬಿಸಿಲು ಪ್ಯಾರಾಪೆಟ್‌ಗೂ, ಹೊರಗೆ ಕಾಣುವ ಮೋಲ್ಡ್‌ನ ಅಂಚಿಗೂ ನೇರವಾಗಿ ಬೀಳುತ್ತದೆ. ಆ ಕಾಂಕ್ರೀಟ್ ಹೊರಗಿನಿಂದ ನಿಮ್ಮ ಚಾವಣಿಯವರೆಗೆ ಒಂದೇ ತುಂಡು. ಕಾಂಕ್ರೀಟ್ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಬಿಡುತ್ತದೆ. ಮಧ್ಯಾಹ್ನದ ಬಿಸಿಲು ರಾತ್ರಿ ಹತ್ತಕ್ಕೆ ನಿಮ್ಮ ಮಂಚಕ್ಕೆ ಬರುವುದು ಹೀಗೆ.

ಸರಿ ಮಾಡಬಹುದು. ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ, ಪ್ಯಾರಾಪೆಟ್ ಬುಡದ ಟೈಲ್ಸ್, ಕಾಂಕ್ರೀಟ್ ಒಂದೂವರೆ ಅಡಿ ಬಿಡಿಸಿ. ಕೆಳಗಿನ ವಾಟರ್‌ಪ್ರೂಫಿಂಗ್‌ಗೆ ಏಟು ಬಿದ್ದಿದ್ದರೆ ಮೊದಲು ಅದನ್ನು ಮುಚ್ಚಿ. ಹಲಗೆಯನ್ನು ಗೋಡೆಗೆ ತಾಗುವ ತನಕ ಕೂರಿಸಿ, ಅಲ್ಲಿಂದ ಪ್ಯಾರಾಪೆಟ್‌ನ ಒಳಮೈ ಮೇಲೂ ಒಂದಡಿ ಹತ್ತಿಸಿ. ಸಂದಿಗೆ ಸಿಮೆಂಟ್ ತುಂಬಿಸಬೇಡಿ, ಫೋಮ್ ಸ್ಪ್ರೇ ಹಾಕಿಸಿ. ಹೊರಗಿನ ಅಂಚಿಗೆ ಕಡೇಪಕ್ಷ ಬಿಳಿ ಬಣ್ಣ. ಮೇಲೆ ಒಡೆಯಲು ಮನಸ್ಸಿಲ್ಲ ಅಂದರೆ, ಒಳಗಿನಿಂದ ಆ ಗೋಡೆಯ ಉದ್ದಕ್ಕೂ ಚಾವಣಿಗೆ ಎರಡಡಿ ಅಗಲದ ಹಲಗೆ ಅಂಟಿಸಿ, ಜಿಪ್ಸಮ್ ಬೋರ್ಡ್ ಮುಚ್ಚಿಸಿ. ಫೋಮ್ ಬೇಗ ಬೆಂಕಿ ಹಿಡಿಯುತ್ತದೆ. ಅದನ್ನು ಹಾಗೇ ತೆರೆದು ಬಿಡಲೇಬೇಡಿ.

ನಮ್ಮ ಸ್ವಂತ ಮನೆಯಲ್ಲೂ ಹೀಗೇ ಆಯಿತು. ಮೇಲೊಂದು ಮಹಡಿ ಕಟ್ಟೋಣ ಅಂತ ಬಿಟ್ಟಿದ್ದ ಪಿಲ್ಲರ್ ಕಂಬಿಗಳ ಸುತ್ತ ಎರಡೆರಡು ಅಡಿ ಹಲಗೆ ಹಾಕಿರಲಿಲ್ಲ. ನಾನು ಆ ದಿನ ಬೇರೆ ಸೈಟಿನಲ್ಲಿದ್ದೆ. ಬೇಸಿಗೆ ಬಂದಾಗ ಅಮ್ಮ ಪ್ರತಿ ರಾತ್ರಿ ಚಾಪೆಯನ್ನು ಮೂಲೆಯಿಂದ ಎಳೆದು ಬಾಗಿಲ ಹತ್ತಿರ ಹಾಸಿಕೊಳ್ಳುತ್ತಿದ್ದರು. “ಅಲ್ಲಿ ಮಂಡಕ್ಕಿ ಭಟ್ಟಿ ಕೆಳಗೆ ಮಲಗಿದಂಗೆ ಆಗ್ತತಿ” ಅಂದರು. ಮೇಲೆ ಹೋಗಿ ನೋಡಿದೆ. ಚಾಪೆ ಇರುತ್ತಿದ್ದ ಮೂಲೆಯ ಮೇಲೇ ಆ ಕಂಬಿಗಳು ನಿಂತಿದ್ದವು. ಅವತ್ತಿನಿಂದ ಹಲಗೆ ಹಾಸುವ ದಿನ ನಾನು ಸೈಟ್ ಬಿಟ್ಟು ಕದಲುವುದಿಲ್ಲ.

ಪ್ರಶ್ನೆ: ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ ಕೆಡವಿ ಮೋಲ್ಡ್ ಮನೆ ಕಟ್ಟಿಸುತ್ತಿದ್ದೇವೆ. ಹಳೇ ಮನೆಯ ತಂಪು ಹೊಸದರಲ್ಲಿ ಸಿಗುತ್ತದಾ?
— ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಉತ್ತರ: ಕೆಡವುವ ಮೊದಲು ಆ ಮಾಳಿಗೆಯನ್ನು ಒಂದು ಸಲ ಚೆನ್ನಾಗಿ ನೋಡಿ. ತೊಲೆ, ಜಂತೆ, ಅದರ ಮೇಲೆ ದಪ್ಪ ಮಣ್ಣು, ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಆ ಮಣ್ಣು ಗೋಡೆಯ ತಲೆಯ ಮೇಲೂ ಹಾದು ಹೊರಗಿನ ಅಂಚಿನ ತನಕ ಹೋಗಿರುತ್ತದೆ. ನಡುವೆ ಎಲ್ಲೂ ಬಿಟ್ಟು ಹೋಗಿಲ್ಲ. ಕೆಳಗಿರುವ ಮರಕ್ಕೂ ಶಾಖ ಸಾಗಿಸುವ ಗುಣ ಕಮ್ಮಿ. ನಿಮ್ಮ ಅಜ್ಜ ಪಟ್ಟ ಶ್ರಮ ಅದು, ನನಗೆ ಅದರ ಮೇಲೆ ತುಂಬಾ ಗೌರವ ಇದೆ.

ಹೊಸ ಮನೆಯಲ್ಲೂ ಅದೇ ರೀತಿ, ಎಲ್ಲೂ ಜಾಗ ಬಿಡದೆ ಮಾಡಿ. ಎಕ್ಸ್‌ಪಿಎಸ್ ಅನ್ನುವ ಗಟ್ಟಿ ಫೋಮ್ ಹಲಗೆ ಎರಡು ಇಂಚು ತನ್ನಿ. ಪ್ಯಾಕಿಂಗ್‌ಗೆ ಬರುವ ಥರ್ಮಾಕೋಲ್ ಬೇಡ, ನೀರು ಕುಡಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಅಂಚಿನಲ್ಲಿ ಮೆಟ್ಟಿಲು ಕೊರೆದಿರುವ ಹಲಗೆ ಸಿಗುತ್ತದೆ, ಒಂದರ ಮೇಲೊಂದು ಕೂತು ಸಂದಿ ಮುಚ್ಚುತ್ತದೆ. ಅದನ್ನೇ ಕೇಳಿ. ನೀರು ಹೋಗುವ ಪೈಪಿನ ಬಾಯಿ ಹತ್ತಿರ ವಾಟಕ್ಕೆ, ಅಂದರೆ ನೀರು ಹರಿಯುವ ಇಳಿಜಾರಿಗೆ, ಅಡ್ಡ ಬರುತ್ತೆ ಅಂತ ಹಲಗೆ ಬಿಡುತ್ತಾರೆ. ಬಿಡಬೇಡಿ, ಅಲ್ಲಿ ತೆಳ್ಳಗಿನದು ಹಾಕಿಸಿ. ಮೆಟ್ಟಿಲ ಕೋಣೆಯ ಮೇಲಿನ ಪುಟ್ಟ ಮೋಲ್ಡನ್ನೂ ಮರೆಯಬೇಡಿ. ಅದನ್ನು ಹಾಗೇ ಬಿಟ್ಟಿರುವ ಮನೆಗಳೇ ಜಾಸ್ತಿ. ಹಲಗೆ ಪೂರ್ತಿ ಹಾಸಿದ ಮೇಲೆ, ಕಾಂಕ್ರೀಟ್ ಸುರಿಯುವ ಮೊದಲು, ನಾಲ್ಕೂ ಅಂಚು ಸುತ್ತಿ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಎಲ್ಲಿ ಬೂದು ಬಣ್ಣದ ಕಾಂಕ್ರೀಟ್ ಕಾಣುತ್ತದೋ ಅಲ್ಲಿ ಕೆಲಸ ಬಾಕಿ ಇದೆ ಅಂತ ತಿಳಿಯಿರಿ.

ಪ್ರಶ್ನೆ: ಮಗಳು ಜರ್ಮನಿಯಲ್ಲಿದ್ದಾಳೆ. ಬಾಡಿಗೆ ಮನೆ, ಮೇಲಿನ ಮಹಡಿ, ಸಪಾಟು ಚಾವಣಿ. ಚಳಿಗಾಲದಲ್ಲಿ ಚಾವಣಿ ಮೂಲೆಯಲ್ಲಿ ಕಪ್ಪು ಬೂಷ್ಟು ಬರುತ್ತಿದೆ. “ಕೋಲ್ಡ್ ಬ್ರಿಡ್ಜ್” ಅಂತ ಹೇಳಿದರಂತೆ. ಹಾಗಂದರೇನು?
— ವಿದ್ಯಾನಗರ, ದಾವಣಗೆರೆ

ಉತ್ತರ: ಅಮ್ಮ, ಮೇಲೆ ಮೇಷ್ಟ್ರ ಮನೆಯಲ್ಲಿ ಆಗಿರುವುದೇ ಅದು, ತಿರುಗುಮುರುಗಾಗಿ. ಇಲ್ಲಿ ಹೊರಗಿನ ಶಾಖ ಒಳಗೆ ಬರುತ್ತದೆ, ಅಲ್ಲಿ ಒಳಗಿನ ಕಾವು ಅದೇ ಥರದ ಕಾಂಕ್ರೀಟ್ ಅಂಚಿನಿಂದ ಹೊರಗೆ ಓಡುತ್ತದೆ. ಆ ಮೂಲೆ ಮಾತ್ರ ತಣ್ಣಗಾಗುತ್ತದೆ. ಅನ್ನ ಬೇಯಿಸಿದ ಹಬೆ, ಒಗೆದ ಬಟ್ಟೆಯ ತೇವ ಎಲ್ಲಾ ಅಲ್ಲಿಗೆ ಹೋಗಿ ಕೂರುತ್ತದೆ. ಕೋಣೆ 20 ಡಿಗ್ರಿ ಇದ್ದು ಗಾಳಿಯ ತೇವ ನೂರಕ್ಕೆ 50 ಇದ್ದರೆ, ಮೂಲೆ 12.6 ಡಿಗ್ರಿಗಿಂತ ಕೆಳಗೆ ಇಳಿದಾಗ ಬೂಷ್ಟಿಗೆ ದಾರಿಯಾಗುತ್ತದೆ. ಜರ್ಮನಿಯ ಕಟ್ಟಡ ನಿಯಮದಲ್ಲಿ ಇದೇ ಅಂಕಿ ಇದೆ.

ಸುಮ್ನೆ ಒರೆಸಿ ಬಣ್ಣ ಬಳಿದರೆ ಮತ್ತೆ ಬರುತ್ತದೆ. ಚಾವಣಿ ಸರಿ ಮಾಡಿಸುವುದು ಮನೆ ಮಾಲೀಕರ ಕೈಯಲ್ಲಿದೆ. ಮಗಳು ಫೋಟೊ ಸಮೇತ ಅವರಿಗೆ ಬರೆದು ಕೊಡಲಿ. ಅಲ್ಲಿಯ ತನಕ ಬೀರುವನ್ನು ಆ ಗೋಡೆಯಿಂದ ಗೇಣು ದೂರ ಸರಿಸಲಿ, ಬಟ್ಟೆಯನ್ನು ಆ ಕೋಣೆಯಲ್ಲಿ ಒಣಗಿಸದಿರಲಿ. ಚಳಿ ಅಂತ ನೋಡದೆ ಬೆಳಿಗ್ಗೆ, ಸಂಜೆ ಐದೈದು ನಿಮಿಷ ಕಿಟಕಿ ಪೂರ್ತಿ ತೆಗೆದಿಡಲಿ.