ಕಪ್ಪಾದ ರೋಮನ್ ಬೆಳ್ಳಿ ನಾಣ್ಯವನ್ನು ಹುಣಸೆಹಣ್ಣಿನಲ್ಲಿ ತೊಳೆದರೆ ಹಿಂಬದಿಯ ದೇವತೆ ಯಾರೆಂದು ತಿಳಿಯುತ್ತದೆಯೇ? ದೇವತೆಯಿದ್ದರೆ ಬೆಲೆ ಜಾಸ್ತಿಯೇ?

ತೊಳೆಯಬೇಡಿ. ಸಂಗ್ರಹ ಶುರುಮಾಡಿದಾಗ ನಾನೂ ಇದನ್ನೇ ಕೇಳಿದ್ದೆ. ದೇವತೆ ಕಾಣಲು ಹೊಳಪು ಬೇಕಿಲ್ಲ, ಓರೆ ಬೆಳಕು ಸಾಕು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ನಾಣ್ಯದ ಮಟ್ಟಕ್ಕೇ ಹಿಡಿದು, ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಯಿರಿ.

ಉಜ್ಜಿದರೆ ಮೊದಲು ಸವೆಯುವುದು ಎತ್ತರದ ಭಾಗ: ಮುಖ, ಸೀರೆಯಂಥ ಉಡುಪಿನ ನೆರಿಗೆ, ಕೈಯಲ್ಲಿ ಹಿಡಿದ ವಸ್ತು. ದೇವತೆಯನ್ನು ಗುರುತಿಸುವುದೇ ಆ ವಸ್ತುವಿನಿಂದ. ಹುಳಿ ಇನ್ನೂ ಕೆಟ್ಟದ್ದು. ಬೆಳ್ಳಿಯ ಜೊತೆ ಬೆರೆತ ತಾಮ್ರವನ್ನು ಅದು ಕರಗಿಸುತ್ತದೆ, ಮೇಲ್ಮೈ ರಂಧ್ರಮಯವಾಗುತ್ತದೆ. ಶತಮಾನಗಟ್ಟಲೆ ನೆಲದಲ್ಲಿದ್ದ ಬೆಳ್ಳಿ ಕಣಗಳ ಅಂಚಿನಲ್ಲಿ ಬಿರುಕುಬಿಟ್ಟು ಪೆಡಸಾಗಿರುತ್ತದೆ; ಬೆರಳಿಂದ ಅದುಮಿದರೂ ಮುರಿಯಬಹುದು. ಕಪ್ಪು ಪದರ ಹೋದ ನಾಣ್ಯವನ್ನು ತಿಳಿದ ಸಂಗ್ರಹಕಾರ ಕಡಿಮೆ ಬೆಲೆಗೇ ಕೇಳುತ್ತಾನೆ. ಮಣ್ಣಿದ್ದರೆ ಡಿಸ್ಟಿಲ್ಡ್ ನೀರಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಹತ್ತಿಯಿಂದ ಮೆಲ್ಲಗೆ ಒತ್ತಿ ತೆಗೆಯಿರಿ. ಅಷ್ಟೇ. ಪಿವಿಸಿ ಕವರಲ್ಲಂತೂ ಇಡಬೇಡಿ, ಅದರಿಂದ ಹಸಿರು ಅಂಟು ಹತ್ತುತ್ತದೆ.

ಇನ್ನು ಕೈಯಲ್ಲೇನಿದೆ ನೋಡಿ. ಚುಕ್ಕಾಣಿ ಮತ್ತು ಹಣ್ಣು ತುಂಬಿದ ಕೊಂಬು ಇದ್ದರೆ ಫಾರ್ಚುನಾ. ಬಟ್ಟಲಿಂದ ಹಾವಿಗೆ ಉಣಿಸುತ್ತಿದ್ದರೆ ಆರೋಗ್ಯದೇವತೆ ಸಾಲುಸ್. ಶಿರಸ್ತ್ರಾಣ, ಈಟಿ, ಗುರಾಣಿ ಇದ್ದರೆ ಬಹುಪಾಲು ಮಿನರ್ವಾ. ಚಕ್ರವರ್ತಿ ಡೊಮಿಷಿಯನ್ (ಆಳ್ವಿಕೆ ಕ್ರಿ.ಶ. 81–96) ನಾಣ್ಯಗಳಲ್ಲಿ ಆಕೆಯದೇ ದರ್ಬಾರು. ತಕ್ಕಡಿಯೊಂದನ್ನೇ ನಂಬಬೇಡಿ: ಈಕ್ವಿಟಾಸ್, ಮೊನೇಟಾ ಇಬ್ಬರೂ ಅದನ್ನು ಹಿಡಿಯುತ್ತಾರೆ, ಸುತ್ತಲಿನ ಬರಹವೇ ತೀರ್ಮಾನಿಸಬೇಕು.

ದೇವತೆಯಿದ್ದರೆ ಬೆಲೆ ಹೆಚ್ಚು ಎಂಬ ಲೆಕ್ಕವೇ ತಪ್ಪು. ಸಾಮ್ರಾಜ್ಯ ಕಾಲದ ಹೆಚ್ಚಿನ ಡಿನೇರಿಯಸ್‌ಗಳ (ರೋಮನ್ ಬೆಳ್ಳಿ ನಾಣ್ಯಗಳ) ಹಿಂಬದಿಯಲ್ಲಿ ಯಾವುದೋ ದೇವತೆ ಇದ್ದೇ ಇರುತ್ತಾಳೆ. ಬೆಲೆ ಕಟ್ಟುವುದು ಮುಂಬದಿಯ ಚಕ್ರವರ್ತಿ, ಅಚ್ಚಿನ ಅಪರೂಪ, ಉಳಿದಿರುವ ಸ್ಥಿತಿ.

ಅದಕ್ಕೂ ಮೊದಲು ಅಸಲಿಯೇ ನೋಡಿ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ನಾಣ್ಯ ತೂಗಿ. ನಂತರ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ತೆಳು ದಾರದಲ್ಲಿ ನಾಣ್ಯವನ್ನು ತಳಕ್ಕೆ ತಾಗದಂತೆ ಮುಳುಗಿಸಿ. ನಾಣ್ಯ 3.30 ಗ್ರಾಂ, ಮುಳುಗಿದಾಗಿನ ಅಂಕಿ 0.32 ಎಂದಾದರೆ, ಭಾಗಿಸಿದಾಗ ಸಾಂದ್ರತೆ 10.3: ಒಳ್ಳೆಯ ಬೆಳ್ಳಿ. 9ರ ಆಸುಪಾಸು ಬಂದರೆ ತಾಮ್ರದ ಮೇಲೆ ಬೆಳ್ಳಿ ಹೊದಿಸಿದ, ಆ ಕಾಲದ್ದೇ ಖೋಟಾ ಇರಬಹುದು. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ (ಕ್ರಿ.ಶ. 193–211) ನಂತರದ್ದಾದರೆ ಅವಸರಪಡಬೇಡಿ. ಆಗ ಬೆಳ್ಳಿಯ ಪಾಲೇ ಅರ್ಧದಷ್ಟಕ್ಕೆ ಇಳಿದಿತ್ತು. ಅಂಚಿನ ಸುತ್ತ ಎರಕದ ಗೆರೆ, ಮೇಲ್ಮೈಯಲ್ಲಿ ಸಣ್ಣ ಗುಳ್ಳೆ ಕಂಡರೆ ಮಾತ್ರ ಅದು ಈಚಿನ ನಕಲು ಎಂದೇ ಅನುಮಾನಿಸಿ.