ಐದೇ ನಿಮಿಷಕ್ಕೆ ಮುನಿಯುವ ಮೋಟಾರು

ಮನೆಬಳಕೆಯ ಯಂತ್ರಗಳ ಕುರಿತ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ನಾಲ್ಕು, ಕಾಗದ ಚೂರು ಮಾಡುವ ಪೇಪರ್ ಶ್ರೆಡ್ಡರ್‌ಗೆ ಸಂಬಂಧಿಸಿದ್ದವು. ಆಧಾರ್ ಜೆರಾಕ್ಸನ್ನೋ ಬ್ಯಾಂಕಿನ ಸ್ಟೇಟ್‌ಮೆಂಟನ್ನೋ ಇಡಿಯಾಗಿ ಕಸದ ಬುಟ್ಟಿಗೆ ಹಾಕಲು ಜನ ಈಗ ಹಿಂಜರಿಯುತ್ತಾರೆ. ನಾಲ್ಕೂ ತೊಂದರೆಗಳು ಸುತ್ತಿ ಬಳಸಿ ಮೋಟಾರಿಗೇ ಬಂದು ನಿಲ್ಲುವುದರಿಂದ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮೂವತ್ತು ವರ್ಷಗಳ ಪಾಸ್‌ಬುಕ್, ವಿಮೆಯ ರಸೀದಿ, ಸಂಬಳದ ಚೀಟಿಗಳನ್ನು ವಿಲೇವಾರಿ ಮಾಡಲೆಂದು ಒಂದು ಸಲಕ್ಕೆ ‘ಎಂಟು ಹಾಳೆ’ಯ ಕ್ರಾಸ್ ಕಟ್ (ಉದ್ದಕ್ಕೂ ಅಡ್ಡಕ್ಕೂ ಕತ್ತರಿಸುವ) ಯಂತ್ರವೊಂದನ್ನು ಕೊಂಡೆ. ಐದು ನಿಮಿಷ ಓಡಿದೊಡನೆ ನಿಂತುಬಿಡುತ್ತದೆ. ಆಮೇಲೆ ಅರ್ಧ ಗಂಟೆ ಏನು ಮಾಡಿದರೂ ಚಾಲೂ ಆಗುವುದಿಲ್ಲ. ಅಂಗಡಿಯವರು ‘ಅದು ಇರೋದೇ ಹಾಗೆ ಮೇಡಂ’ ಎನ್ನುತ್ತಾರೆ. ಮೋಟಾರಿನಲ್ಲೇ ದೋಷವಿದೆಯೇ? – ಓದುಗರು, ಧಾರವಾಡ

ಉತ್ತರ: ದೋಷವಿಲ್ಲ. ಅಂಗಡಿಯವರು ಹೇಳಿದ್ದು ನಿಜ. ಆದರೆ ಆ ಮಾತನ್ನು ಅವರು ಹಣ ಎಣಿಸಿಕೊಳ್ಳುವ ಮೊದಲೇ ಹೇಳಬೇಕಿತ್ತು.

ನಿಮ್ಮ ಅಡುಗೆಮನೆಯಲ್ಲೇ ಎರಡು ಬಗೆಯ ಮೋಟಾರುಗಳಿವೆ. ಗ್ರೈಂಡರಿನಲ್ಲಿರುವುದು ಇಂಡಕ್ಷನ್ ಮೋಟಾರು. ನಿಧಾನಿ, ತೂಕದ್ದು, ದೋಸೆ ಹಿಟ್ಟನ್ನು ಮುಕ್ಕಾಲು ಗಂಟೆ ರುಬ್ಬಿದರೂ ದಣಿಯದಂಥದ್ದು. ಮಿಕ್ಸಿಯಲ್ಲಿರುವುದು, ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ಷುಳ್ಳ ಯೂನಿವರ್ಸಲ್ ಮೋಟಾರು. ಚಿಕ್ಕದು, ಹಗುರ, ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ಸುತ್ತುವ ರಭಸದ್ದು, ಆದರೆ ಬೇಗ ಕಾಯುವಂಥದ್ದು. ಕಚೇರಿಗಳ ದೊಡ್ಡ ಶ್ರೆಡ್ಡರುಗಳಲ್ಲಿ ಸಾಮಾನ್ಯವಾಗಿ ಗ್ರೈಂಡರಿನ ಜಾತಿಯ ಮೋಟಾರು ಇರುತ್ತದೆ. ಮನೆಬಳಕೆಯವುಗಳಲ್ಲಿ ಬಹುಪಾಲು ಮಿಕ್ಸಿಯ ಜಾತಿಯದು. ಅದರ ಓಟವನ್ನು ಹಲವು ಗೇರುಗಳ ಮೂಲಕ ತಗ್ಗಿಸಿ, ಬಲವನ್ನು ಹೆಚ್ಚಿಸಿ, ಕತ್ತರಿಸುವ ಹಲ್ಲುಗಳಿಗೆ ಕೊಟ್ಟಿರುತ್ತಾರೆ.

ಈ ಮೋಟಾರಿನ ಸ್ವಭಾವದಲ್ಲಿ ಒಂದು ತೊಡಕಿದೆ. ಹೊರೆ ಹೆಚ್ಚಾದಂತೆ ಅದರ ವೇಗ ಇಳಿಯುತ್ತದೆ, ಎಳೆದುಕೊಳ್ಳುವ ಕರೆಂಟು ಏರುತ್ತದೆ. ಕರೆಂಟು ಇಮ್ಮಡಿಯಾದರೆ ತಂತಿಯ ಸುತ್ತಿನಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಮೋಟಾರನ್ನು ತಂಪಾಗಿಡುವ ಫ್ಯಾನು ಮೋಟಾರಿನ ದಂಡದ ಮೇಲೆಯೇ ಕೂತಿದ್ದರೆ, ಶಾಖ ಹೆಚ್ಚಾದ ಹೊತ್ತಿಗೇ ಗಾಳಿಯೂ ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಒಳಗೊಂದು ಉಷ್ಣರಕ್ಷಕ ಸ್ವಿಚ್ಚನ್ನು ಇಟ್ಟಿರುತ್ತಾರೆ. ಎರಡು ಲೋಹಗಳ ಪಟ್ಟಿ ಕಾದು ಬಾಗಿ ಸಂಪರ್ಕ ಕಡಿಯುತ್ತದೆ, ತಣಿದ ಮೇಲೆ ತಾನಾಗಿಯೇ ಕೂಡಿಸುತ್ತದೆ. ಮಿಕ್ಸಿಯ ತಳದ ಕೆಂಪು ಗುಂಡಿಯಂತೆ ಇದನ್ನು ಒತ್ತಿ ಮತ್ತೆ ಓಡಿಸಲು ಬರುವುದಿಲ್ಲ, ಕಾಯಲೇಬೇಕು. ನಿಮ್ಮ ಅರ್ಧ ಗಂಟೆ ಇದೇ.

ಯಂತ್ರದ ಕೈಪಿಡಿಯಲ್ಲಿ ಎಲ್ಲೋ ಮೂಲೆಯಲ್ಲಿ ‘3 ನಿಮಿಷ ಓಟ, 30 ನಿಮಿಷ ವಿರಾಮ’ ಎಂಬಂಥ ಸಾಲೊಂದು ಇರುತ್ತದೆ. ನನ್ನ ಮಟ್ಟಿಗೆ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಹಾಳೆಗಳ ಸಂಖ್ಯೆಗಿಂತ ಈ ಸಾಲೇ ಮುಖ್ಯ. ಕೊಳ್ಳುವಾಗ ಮೊದಲು ಕೇಳಬೇಕಾದದ್ದೂ ಇದನ್ನೇ. ಎಂಟು ಹಾಳೆ ಎಂದರೆ 70 ಅಥವಾ 75 ಜಿಎಸ್‌ಎಂನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ತೆಳು ಕಾಪಿಯರ್ ಹಾಳೆಗಳ ಲೆಕ್ಕ. ನಿಮ್ಮ ಪಾಸ್‌ಬುಕ್ಕಿನ ರಟ್ಟು, ಛಾಪಾ ಕಾಗದ ಆ ಲೆಕ್ಕಕ್ಕೆ ಸೇರುವುದಿಲ್ಲ. ಮೂರು ಮಡಿಕೆಯ ಎರಡು ಹಾಳೆಗಳಿರುವ ಬ್ಯಾಂಕಿನ ಪತ್ರವನ್ನು ಲಕೋಟೆಯ ಸಮೇತ ತೂರಿಸಿದರೆ ಅಷ್ಟಕ್ಕೇ ಎಂಟು ಪದರವಾಯಿತು.

ಕ್ರಾಸ್ ಕಟ್ಟಿನ ಹೊರೆಯೂ ಸಣ್ಣದಲ್ಲ. 6 ಮಿ.ಮೀ. ಅಗಲದ ಉದ್ದ ಪಟ್ಟಿಗಳಾಗಿ ಕತ್ತರಿಸಿದರೆ ಒಂದು ಎ4 ಹಾಳೆಯಿಂದ 35 ಪಟ್ಟಿಗಳು ಬರುತ್ತವೆ, 4×40 ಮಿ.ಮೀ. ಚೂರಾಗಿಸಿದರೆ ಸುಮಾರು 390. ಕಾಗದವನ್ನು ಎಷ್ಟು ಸಣ್ಣಗೆ ಚೂರಾಗಿಸಬೇಕೆಂದು ಹೇಳುವ ಜರ್ಮನಿಯ ಡಿಐಎನ್ 66399 ಮಾನದಂಡದಲ್ಲಿ ಈ ಎರಡನೆಯದು ಪಿ-4 ಮಟ್ಟ. 2×15 ಮಿ.ಮೀ. ಚೂರಿನ ಪಿ-5ಕ್ಕೆ ಹೋದರೆ ಎರಡು ಸಾವಿರ ದಾಟುತ್ತದೆ. ಇಷ್ಟು ಕತ್ತರಿಕೆಯೆಲ್ಲ ಅದೇ ಪುಟ್ಟ ಮೋಟಾರಿನ ಹೆಗಲಿಗೆ ಬೀಳುವುದರಿಂದ, ಮನೆಯ ಕಾಗದಕ್ಕೆ ಪಿ-4 ಸಾಕು ಎಂದು ನನ್ನ ಅಭಿಪ್ರಾಯ.

ಇನ್ನು ಮುಂದೆ ಒಂದು ಸಲಕ್ಕೆ ನಾಲ್ಕೇ ಹಾಳೆ ಹಾಕಿ, ಎರಡು ಮೂರು ನಿಮಿಷಕ್ಕೆ ನೀವೇ ನಿಲ್ಲಿಸಿ. ರಕ್ಷಕ ಸ್ವಿಚ್ಚು ಕಡಿಯುವವರೆಗೆ ದಿನವೂ ಓಡಿಸುವುದು ಸರಿಯಲ್ಲ. ತಂತಿಯ ಮೇಲಿನ ಎನಾಮಲ್ ಲೇಪನದ ಉಷ್ಣತೆ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಮೂವತ್ತು ವರ್ಷಗಳ ಕಾಗದ ಒಂದು ಭಾನುವಾರಕ್ಕೆ ಮುಗಿಯುವ ಕೆಲಸವಲ್ಲ. ದಿನಕ್ಕೊಂದು ಕಟ್ಟು ಎಂದಿಟ್ಟುಕೊಳ್ಳಿ.

ಪ್ರಶ್ನೆ: ಮಳೆಗಾಲ ಹಿಡಿದ ಮೇಲೆ ನಮ್ಮ ಯಂತ್ರ ‘ಗುಂಯ್’ ಎನ್ನುತ್ತದೆಯೇ ಹೊರತು ಹಲ್ಲುಗಳು ತಿರುಗುವುದಿಲ್ಲ. ಮೋಟಾರು ಸುಟ್ಟಿದೆಯೇ? ರಿವೈಂಡಿಂಗ್ (ತಂತಿಯನ್ನು ಹೊಸದಾಗಿ ಸುತ್ತಿಸುವುದು) ಮಾಡಿಸಬಹುದೇ? – ಓದುಗರು, ಸಾಗರ

ಉತ್ತರ: ಗುಂಯ್ಗುಟ್ಟುತ್ತಿದ್ದರೆ ಮೋಟಾರು ಇನ್ನೂ ಜೀವಂತವಾಗಿದೆ, ಆದರೆ ಆ ಸದ್ದನ್ನು ಕೇಳುತ್ತ ನಿಲ್ಲಬೇಡಿ. ತಿರುಗದೆ ಸಿಕ್ಕಿಬಿದ್ದ ಮೋಟಾರು ಸಹಜ ಕರೆಂಟಿನ ಹಲವು ಪಟ್ಟು ಎಳೆದುಕೊಳ್ಳುತ್ತದೆ, ಫ್ಯಾನೂ ನಿಂತಿರುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಸುಟ್ಟ ವಾಸನೆ ಬರಲು ತೊಡಗುತ್ತದೆ. ತಕ್ಷಣ ನಿಲ್ಲಿಸಿ ರಿವರ್ಸ್‌ಗೆ ಹಾಕಿ ನೋಡಿ. ಜಗ್ಗದಿದ್ದರೆ ಪ್ಲಗ್ ಕಿತ್ತು, ಚಿಮಟದಿಂದ ಕಾಗದವನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿ.

ಮಲೆನಾಡಿನ ಜುಲೈ ತಿಂಗಳಲ್ಲಿ ಕಾಗದ ತೇವ ಹೀರಿಕೊಂಡು ಮೆತ್ತಗಾಗುತ್ತದೆ. ಅದು ಕರಕ್ಕನೆ ತುಂಡಾಗುವುದಿಲ್ಲ. ನಾರಾಗಿ ಹಿಂಜಿಕೊಂಡು ಹಲ್ಲುಗಳಿರುವ ದಂಡಕ್ಕೆ ಸುತ್ತಿಕೊಳ್ಳುತ್ತದೆ. ಒಲೆಯ ಮೇಲಿನ ಅಟ್ಟವಿದ್ದರೆ ಕಾಗದದ ಕಟ್ಟನ್ನು ಒಂದು ದಿನ ಅಲ್ಲಿಟ್ಟು ಆಮೇಲೆ ಹಾಕಿ.

ಸದ್ದು ಬೇರೆಯಾಗಿದ್ದರೆ ಕಾಯಿಲೆಯೂ ಬೇರೆ. ಮೋಟಾರು ರೊಂಯ್ಯೆಂದು ಹಗುರಾಗಿ ಓಡುತ್ತಿದ್ದು, ಮಧ್ಯೆ ಕಟಕಟ ಎಂದು, ಹಲ್ಲುಗಳು ಮಾತ್ರ ಅಲುಗದಿದ್ದರೆ ಗೇರು ಸವೆದಿದೆ ಎಂದರ್ಥ. ನನ್ನ ಮನೆಯ ಯಂತ್ರವೊಂದನ್ನು ಬಿಚ್ಚಿ ಕೂತಾಗ ಕಂಡದ್ದು ಇದೇ: ದಂಡದ ಎರಡೂ ತುದಿಗಳಲ್ಲಿ ದೀಪದ ಬತ್ತಿಯಂತೆ ಬಿಗಿಯಾಗಿ ಸುತ್ತಿಕೊಂಡ ಕಾಗದದ ನಾರು, ಬೂದಿಯಂಥ ಧೂಳು, ಮೂರು ಹಲ್ಲು ಉದುರಿದ ಬಿಳಿ ನೈಲಾನ್ ಗೇರು. ಮೋಟಾರಿಗೆ ಏನೂ ಆಗಿರಲಿಲ್ಲ. ನಲವತ್ತು ರೂಪಾಯಿ ಬಾಳದ ಆ ಗೇರು ಬಿಡಿಯಾಗಿ ಎಲ್ಲಿಯೂ ಸಿಗದೆ ಇಡೀ ಯಂತ್ರ ಗುಜರಿಗೆ ಹೋಯಿತು. ಅಂದಿನಿಂದ ಕೊಳ್ಳುವಾಗ ಗೇರು ಲೋಹದ್ದೇ ಎಂದು ಕೇಳದೆ ಬಿಡುವುದಿಲ್ಲ.

ರಿವೈಂಡಿಂಗ್ ಬಗ್ಗೆ: ಮಿಕ್ಸಿ ರಿಪೇರಿಯವರು ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಸುತ್ತಿಕೊಡಬಲ್ಲರು, ಆದರೆ ಅಗ್ಗದ ಯಂತ್ರಕ್ಕೆ ಆ ಕೂಲಿ ಗಿಟ್ಟುವುದಿಲ್ಲ. ಕಾರ್ಬನ್ ಬ್ರಷ್ ಸವೆದು ಕಿಡಿ ಹೆಚ್ಚಾಗಿದ್ದರೆ ಮಾತ್ರ ಹೊಸ ಬ್ರಷ್ ಹಾಕಿಸಿ. ಅದು ಸಣ್ಣ ಖರ್ಚು.

ಪ್ರಶ್ನೆ: ಮಗ ಅಮೆರಿಕದಿಂದ ಮರಳುವಾಗ ತಂದ ಶ್ರೆಡ್ಡರಿನ ಮೇಲೆ 120 ವೋಲ್ಟ್, 60 ಹರ್ಟ್ಸ್, 3 ಆಂಪಿಯರ್ ಎಂದಿದೆ. ಪ್ಲಗ್ ಬದಲಿಸಿದರೆ ಸಾಕೇ? – ಓದುಗರು, ಮೈಸೂರು

ಉತ್ತರ: ಸಾಲದು. ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಮೋಟಾರು ಸುಡುವುದು ಖಚಿತ. ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 120ನ್ನು 3ರಿಂದ ಗುಣಿಸಿದರೆ 360 ವಿಎ (ವೋಲ್ಟ್-ಆಂಪಿಯರ್) ಆಗುತ್ತದೆ. ಶುರುವಿನ ಎಳೆತ ಮತ್ತು ಸಿಕ್ಕಿಬೀಳುವ ಗಳಿಗೆಗಳನ್ನು ನೆನೆದು ಅದರ ಎರಡರಷ್ಟನ್ನಾದರೂ, ಅಂದರೆ 750 ವಿಎಯದನ್ನು, ಕೊಳ್ಳಿ. ಬ್ರಷ್ ಮೋಟಾರಿಗೆ 60 ಹರ್ಟ್ಸ್ ಹೋಗಿ 50 ಬಂದರೆ ಅಷ್ಟೇನೂ ವ್ಯತ್ಯಾಸವಾಗದು. ಟ್ರಾನ್ಸ್‌ಫಾರ್ಮರಿನ ಬೆಲೆಗೆ ಇನ್ನಷ್ಟು ಸೇರಿಸಿದರೆ ಇಲ್ಲಿಯದೇ ಹೊಸ ಯಂತ್ರ ಬರುತ್ತದೆ ಎಂಬುದನ್ನು ಮಗನಿಗೆ ಮೆಲ್ಲಗೆ ತಿಳಿಸಬಹುದು.

ಪ್ರಶ್ನೆ: ಹಲ್ಲುಗಳಿಗೆ ಕೊಬ್ಬರಿ ಎಣ್ಣೆ ಬಿಡಬಹುದೇ, ಇಲ್ಲ ತುಕ್ಕು ಬಿಡಿಸುವ ಸ್ಪ್ರೇ ಒಳ್ಳೆಯದೇ? ಇನ್ನೊಂದು: ‘ಆಟೋ’ಗೆ ಹಾಕಿದರೆ ಕಾಗದವಿಲ್ಲದೆಯೂ ಓಡುತ್ತಲೇ ಇರುತ್ತದೆ. – ಓದುಗರು, ಬೆಂಗಳೂರು

ಉತ್ತರ: ಎರಡೂ ಬೇಡ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ನಿಮ್ಮೂರಿನ ಡಿಸೆಂಬರ್ ಬೆಳಗಿನಲ್ಲಿ ಅದು ಧೂಳಿನೊಡನೆ ಸೇರಿ ಮುದ್ದೆಯಾದೀತು. ಸ್ಪ್ರೇ ಡಬ್ಬಿ ಇನ್ನೂ ಅಪಾಯಕಾರಿ. ಅದನ್ನು ಚಿಮ್ಮಿಸುವ ಅನಿಲ ಬಹುಮಟ್ಟಿಗೆ ಬೆಂಕಿ ಹಿಡಿಯುವಂಥದ್ದು, ಬ್ರಷ್ ಮೋಟಾರಿನೊಳಗೆ ಕಿಡಿ ಹಾರುವುದು ಸಹಜ; ಇವೆರಡೂ ಇಕ್ಕಟ್ಟಾದ ಪೆಟ್ಟಿಗೆಯೊಳಗೆ ಕೂಡಬಾರದು. ಶ್ರೆಡ್ಡರಿಗೆಂದೇ ಸಿಗುವ ಎಣ್ಣೆಯನ್ನು ಒಂದು ಹಾಳೆಯ ಮೇಲೆ ಅಂಕುಡೊಂಕಾಗಿ ಬಿಟ್ಟು, ಆ ಹಾಳೆಯನ್ನೇ ಯಂತ್ರಕ್ಕೆ ಕೊಟ್ಟು, ಆಮೇಲೆ ಕೆಲವು ಸೆಕೆಂಡು ರಿವರ್ಸ್‌ನಲ್ಲಿ ಓಡಿಸಿ. ಉಜ್ಜಾಟ ಕಡಿಮೆಯಾದಷ್ಟೂ ಮೋಟಾರಿನ ಹೊರೆ ಇಳಿಯುತ್ತದೆ.

ಸುಮ್ಮನೆ ಓಡುವುದಕ್ಕೆ ಕಾರಣ, ಬಹುಶಃ ಬಾಯಿಯಲ್ಲಿರುವ ಸೆನ್ಸರಿನ ಮೇಲೆ ಕೂತ ಧೂಳು ಅಥವಾ ಸಿಕ್ಕಿಕೊಂಡ ಒಂದು ಚೂರು. ಅದನ್ನು ಕಾಗದವೆಂದೇ ತಿಳಿದು ಯಂತ್ರ ಓಡುತ್ತದೆ, ನಿಮಗಿರುವ ಮೂರು ನಿಮಿಷ ವ್ಯರ್ಥವಾಗಿ ಕರಗುತ್ತದೆ. ಪ್ಲಗ್ ಕಿತ್ತು ಒಣ ಬ್ರಷ್ಷಿನಿಂದ ಬಾಯಿಯ ನಡುಭಾಗವನ್ನು ಗುಡಿಸಿ. ಬುಟ್ಟಿ ತುಂಬಿ ಚೂರುಗಳು ಮೇಲಕ್ಕೆ ಒತ್ತಿಕೊಂಡಿದ್ದರೆ ಅದನ್ನೂ ಖಾಲಿ ಮಾಡಿ. ಆಮೇಲೂ ಓಡಿದರೆ, ರಿಪೇರಿಯಾಗುವವರೆಗೆ ‘ಆಟೋ’ದಲ್ಲಿ ಬಿಟ್ಟು ಹೋಗದೆ ಗೋಡೆಯ ಸ್ವಿಚ್ಚನ್ನೇ ಆರಿಸಿಡಿ.