ಎರಡು ಸಾವಿರಕ್ಕೆ ಯಾರೂ ಸೋಮಾರಿ ಆಗುವುದಿಲ್ಲ

(ಓದುಗರ ಪ್ರಶ್ನೆ, ತಜ್ಞರ ಉತ್ತರ. ಉತ್ತರಿಸುವವರು ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮನೆಮನೆ ಸಮೀಕ್ಷೆ ಮಾಡುತ್ತಿರುವ ಸಮಾಜವಿಜ್ಞಾನಿ.)

ತೊಗರಿ ರಾಶಿ ಶುರುವಾದರೆ ಸಾಕು, ಈ ಅಂಕಣಕ್ಕೆ ಒಂದೇ ಪ್ರಶ್ನೆ ಬರುತ್ತದೆ. ಹೋದ ವರ್ಷವೂ ಬಂತು, ಅದರ ಹಿಂದಿನ ವರ್ಷವೂ ಬಂತು. ಎರಡೂ ಸಲ ನಾಲ್ಕು ಸಾಲಿನಲ್ಲಿ ಮುಗಿಸಿದೆ. ಅದು ನನ್ನ ತಪ್ಪು. ಈ ಸಲ ಜಾಗವೆಲ್ಲ ಅದಕ್ಕೇ ಕೊಡುತ್ತೇನೆ. ಉಳಿದವರು ಬೇಜಾರಾಗಬಾರದು.

ಪ್ರಶ್ನೆ: ನಂದು ಚಿತ್ತಾಪುರ ತಾಲೂಕಿನಾಗ 14 ಎಕರೆ ತೊಗರಿ. ಗೃಹಲಕ್ಷ್ಮಿ ಬಂದಾಗಿಂದ ಹೆಣ್ಮಕ್ಕಳು ಹೊಲಕ್ಕ ಬರವಲ್ರು. ಫೋನ್ ಮಾಡಿದ್ರ ‘ಇವತ್ತ ಆಗಲ್ಲರೀ’ ಅಂತಾರ. ಗಂಡಸ್ರು ಆ ರೊಕ್ಕ ಕಸಗೊಂಡು ಕುಡೀತಾರ. ಸರ್ಕಾರ ಬಿಟ್ಟಿ ರೊಕ್ಕ ಕೊಟ್ಟು ಮಂದೀನ ಸೋಮಾರಿ ಮಾಡ್ಯಾದ. ನಿಮ್ಮ ಸಂಶೋಧನೆ ಇದಕ್ಕ ಏನು ಹೇಳ್ತದ?

ಅಣ್ಣಾರೇ, ನಿಮ್ಮ ಪತ್ರ ಮೂರು ಸಲ ಓದಿದೆ. ಎಷ್ಟು ಚೀಲ ಬರಬೇಕಿತ್ತು, ಎಷ್ಟು ಬಂತು, ಗಂಜ್‌ನಲ್ಲಿ ಕ್ವಿಂಟಲಿಗೆ ಏನು ದರ ಸಿಕ್ಕಿತು, ಟ್ರ್ಯಾಕ್ಟರ್ ಬಾಡಿಗೆ ಎಷ್ಟಾಯಿತು, ಎಲ್ಲ ಬರೆದಿದ್ದೀರಿ. ಒಂದು ಲೆಕ್ಕ ಮಾತ್ರ ಇಲ್ಲ. ಹೆಣ್ಣಾಳಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ? ಅದು ಕೆಲಸ ಮುಗಿದ ಸಂಜೆಯೇ ಅವರ ಕೈಗೆ ಬರುತ್ತದೆಯೋ, ಹಬ್ಬಕ್ಕೆ ಬರುತ್ತದೆಯೋ?

ಮೊದಲು ಗೃಹಲಕ್ಷ್ಮಿಯ ಲೆಕ್ಕ ನೋಡೋಣ. 2023ರ ಆಗಸ್ಟಿನಿಂದ ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ, ಅಂದರೆ ದಿನಕ್ಕೆ 66 ಚಿಲ್ಲರೆ. 2024–25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ಇತ್ತು. ಗೃಹಲಕ್ಷ್ಮಿ ಹಣ ಆರು ದಿನದ ಕೂಲಿಗೂ ಸಮನಲ್ಲ. ಅಷ್ಟು ದುಡ್ಡು ಕೈಗೆ ಬಂತೆಂದು ತಿಂಗಳ ಉಳಿದ ದಿನವೆಲ್ಲ ಕಟ್ಟೆಯ ಮೇಲೆ ಕೂತ ಬಡ ಹೆಣ್ಣುಮಗಳನ್ನು ನಾನು ಕಂಡಿಲ್ಲ. ನಾನು ಕಂಡಿಲ್ಲ ಅನ್ನುವುದು ಪುರಾವೆ ಅಲ್ಲ, ಒಪ್ಪುತ್ತೇನೆ. ಪುರಾವೆಗೇ ಬರುತ್ತೇನೆ.

ಅಭಿಜಿತ್ ಬ್ಯಾನರ್ಜಿ, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು, ಮೂವರು ಸಹೋದ್ಯೋಗಿಗಳ ಜತೆ ಆರು ಬಡ ಮತ್ತು ಮಧ್ಯಮ ಆದಾಯದ ದೇಶಗಳ 7 ನಗದು ಯೋಜನೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎಲ್ಲವೂ ಚೀಟಿ ಎತ್ತಿದ ಹಾಗೆ ಕೆಲವರಿಗೆ ಹಣ ಕೊಟ್ಟು ಕೆಲವರಿಗೆ ಕೊಡದೆ, ಇಬ್ಬರನ್ನೂ ಹೋಲಿಸಿದ ಪ್ರಯೋಗಗಳು. ಹಣ ಸಿಕ್ಕವರು ಕೆಲಸ ಬಿಟ್ಟರು ಎನ್ನುವ ಗುರುತು ಗಂಡಸರಲ್ಲೂ ಸಿಗಲಿಲ್ಲ, ಹೆಂಗಸರಲ್ಲೂ ಸಿಗಲಿಲ್ಲ. ಅದು ಪ್ರಕಟವಾದದ್ದು 2017ರಲ್ಲಿ. ಕುಡಿತದ ಮಾತು ಬೇರೆಯೇ ಅಧ್ಯಯನದ್ದು. ಡೇವಿಡ್ ಇವಾನ್ಸ್ ಮತ್ತು ಆ್ಯನಾ ಪೊಪೊವಾ ಎಂಬಿಬ್ಬರು 19 ಅಧ್ಯಯನಗಳನ್ನು ಜಾಲಾಡಿದರು. ನಗದು ಕೊಟ್ಟ ಕಡೆ ಹೆಂಡ, ತಂಬಾಕಿನ ಖರ್ಚು ಏರಿರಲಿಲ್ಲ. ಸರಾಸರಿ ನೋಡಿದರೆ ತುಸು ಇಳಿದೇ ಇತ್ತು.

‘ಅದೆಲ್ಲ ಹೊರದೇಶದ ಮಾತು’ ಅಂತೀರಿ, ಗೊತ್ತು. ಮಧ್ಯಪ್ರದೇಶಕ್ಕೆ ಬನ್ನಿ. 2011–12ರಲ್ಲಿ ‘ಸೇವಾ’ ಮಹಿಳಾ ಸಂಘಟನೆ ಯುನಿಸೆಫ್ ನೆರವಿನಿಂದ ಅಲ್ಲಿನ ಎಂಟು ಹಳ್ಳಿಗಳಲ್ಲಿ ಪ್ರತಿಯೊಬ್ಬರಿಗೂ ತಿಂಗಳಿಗೆ ಇಷ್ಟು ಅಂತ ಹಣ ಕೊಟ್ಟು ನೋಡಿತು. ದೊಡ್ಡವರಿಗೆ 200, ಮಕ್ಕಳಿಗೆ 100. ಆಮೇಲೆ ಅದು 300 ಮತ್ತು 150 ಆಯಿತು. ಹಣ ಕೊಡದ ಅಂಥವೇ ಹಳ್ಳಿಗಳ ಜತೆ ಹೋಲಿಸಿದಾಗ ಕಂಡದ್ದನ್ನು ನೀವು ಎರಡು ಸಲ ಓದಬೇಕು: ಕೆಲಸ ಕಡಿಮೆಯಾಗಿರಲಿಲ್ಲ, ಕೆಲಸದ ಜಾಗ ಬದಲಾಗಿತ್ತು. ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವರು ತಮ್ಮ ತುಂಡು ಹೊಲದಲ್ಲಿ, ತಮ್ಮ ಆಡು ಕುರಿಗಳ ಹಿಂದೆ, ತಮ್ಮದೇ ಚಿಕ್ಕ ವ್ಯಾಪಾರದಲ್ಲಿ ಹೆಚ್ಚು ಹೊತ್ತು ದುಡಿಯತೊಡಗಿದ್ದರು. ದೊಡ್ಡ ಹೊಲದವರ ಬದುವಿನ ಮೇಲೆ ನಿಂತು ನೋಡಿದರೆ ಆಳು ಕಡಿಮೆ. ಆ ಕೂಲಿಯವರದೇ ಹೊಲದ ಬದುವಿನ ಮೇಲೆ ನಿಂತರೆ ಆಳು ಅಲ್ಲೇ ಇದ್ದಾರೆ.

ಇನ್ನು ‘ಇವತ್ತ ಆಗಲ್ಲರೀ’. ಇದೇ ಮಾತು ಆಡಿದ ಹೆಣ್ಣುಮಗಳೊಬ್ಬಳ ಮನೆಯಲ್ಲಿ ಹೋದ ಹಂಗಾಮಿನಲ್ಲಿ ಕೂತಿದ್ದೆ. ಸೇಡಂ ಕಡೆಯ ತಾಂಡಾ. ಆಕೆ ಜೋಳದ ರೊಟ್ಟಿ ಬಡಿಯುತ್ತಿದ್ದಳು, ನಾನು ಹೊಸ್ತಿಲ ಮೇಲೆ ಪ್ರಶ್ನಾವಳಿ ಹಿಡಿದು ಕೂತಿದ್ದೆ. ರಾಶಿಗೆ ಯಾಕೆ ಹೋಗಲಿಲ್ಲ ಅಂದೆ. ಬಡಿಯುವ ಕೈ ನಿಲ್ಲಿಸದೆ ಹೇಳಿದಳು: “ಅಕ್ಕೋರೆ, ಹೋದ ವರ್ಷ ರಾಶಿ ಮಾಡಿದ ಕೂಲಿ ಯುಗಾದಿಗೆ ಕೊಟ್ರು. ಮೂರು ಸಲ ಮನಿಗಿ ಹೋಗಿ ಕೇಳೀನಿ. ಆಗ ಬ್ಯಾರೆ ದಾರಿ ಇದ್ದಿಲ್ಲ. ಈಗ ಎಣ್ಣಿ, ಬೆಲ್ಲದ ರೊಕ್ಕ ನನ್ನ ಕೈಯಾಗ ಅದ. ತಡದು ಕೊಡೋರ ಹೊಲಕ್ಕ ನಾ ಯಾಕ ಹೋಗ್ಲಿ?” ಆಕೆ ಆ ವಾರ ಮನೆಯಲ್ಲಿ ಕೂತಿರಲಿಲ್ಲ. ಪಕ್ಕದೂರಿನಲ್ಲಿ ಸಂಜೆಗೆ ಸಂಜೆಯೇ ಲೆಕ್ಕ ಚುಕ್ತಾ ಮಾಡುವವರ ಹೊಲಕ್ಕೆ ಹೋಗುತ್ತಿದ್ದಳು.

ಆಳಿನ ಬರ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಜಿಲ್ಲೆಯ ತೊಗರಿಯೆಲ್ಲ ಡಿಸೆಂಬರ್–ಜನವರಿಯ ಅದೇ ನಾಲ್ಕಾರು ವಾರದಲ್ಲಿ ಕೊಯ್ಲಿಗೆ ಬರುತ್ತದೆ, ಎಲ್ಲರಿಗೂ ಅಂದೇ ಆಳು ಬೇಕು. ತಾಂಡಾದ ಅರ್ಧ ಮಂದಿ ಬೆಂಗಳೂರು, ಹೈದರಾಬಾದ್, ಪುಣೆಯ ಕಟ್ಟಡಗಳಲ್ಲಿದ್ದಾರೆ. ಗುಳೆ ಹೋಗುವುದು ಗೃಹಲಕ್ಷ್ಮಿಯಿಂದ ಶುರುವಾದದ್ದಲ್ಲ, ನಿಮ್ಮ ತಂದೆಯವರ ಕಾಲದಿಂದ ನಡೆದಿದೆ. ಬೆಳಿಗ್ಗೆ ಶಹಾಬಾದಿನಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ ಒಮ್ಮೆ ನಿಂತು ಬನ್ನಿ (ಕೂರಲು ಜಾಗ ಸಿಗುವುದಿಲ್ಲ). ಟಿಫಿನ್ ಡಬ್ಬಿ ಹಿಡಿದ ಹೆಣ್ಣುಮಕ್ಕಳು ಪೇಟೆಯ ಕೆಲಸಕ್ಕೆ ಹೊರಟಿರುತ್ತಾರೆ. ದೇಶದ ಲೆಕ್ಕವೂ ಸೋಮಾರಿತನ ತೋರಿಸುತ್ತಿಲ್ಲ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ದುಡಿಮೆಯಲ್ಲಿರುವ ಅಥವಾ ಕೆಲಸ ಹುಡುಕುತ್ತಿರುವ ಹೆಂಗಸರ ಪಾಲು 2017–18ರಲ್ಲಿ ಶೇ. 24.6 ಇದ್ದದ್ದು 2023–24ಕ್ಕೆ ಶೇ. 47.6 ಆಯಿತು. ಅದರಲ್ಲಿ ಬಹಳಷ್ಟು ಮನೆಯ ಹೊಲದಲ್ಲೇ ಕೂಲಿಯಿಲ್ಲದ ದುಡಿಮೆ, ಹಿಗ್ಗಬೇಕಾದ ಅಂಕಿಯೇನಲ್ಲ. ಆದರೆ ‘ಹೆಂಗಸರು ಕೆಲಸ ಬಿಟ್ಟರು’ ಎನ್ನುವ ಮಾತಿಗೆ ಅದು ಆಧಾರ ಆಗಲಾರದು.

ಗಂಡ ರೊಕ್ಕ ಕಸಗೊಳ್ಳುವ ಮಾತು. ಕಸಗೊಳ್ಳುವವರು ಇದ್ದಾರೆ. ಅದನ್ನು ಅಲ್ಲಗಳೆಯುವ ಸಂಶೋಧಕರು ಹಳ್ಳಿಯಲ್ಲಿ ಹೊತ್ತು ಕಳೆದವರಲ್ಲ. ಸಮೀಕ್ಷೆ ಶುರುಮಾಡಿದ ಹೊಸತರಲ್ಲಿ ನಾನೇ ಮೋಸ ಹೋಗಿದ್ದೆ. ಯಾದಗಿರಿ ಕಡೆಯ ಒಂದು ಮನೆಯಲ್ಲಿ “ಮನೆಯ ದುಡ್ಡು ಯಾರ ಕೈಲಿರುತ್ತದೆ” ಎಂದು ಹೆಂಡತಿಯನ್ನು ಕೇಳಿದರೆ ಗಂಡ ಹೇಳಿದ, “ಆಕಿನೇ ಇಟ್ಕೋತಾಳ್ರೀ.” ಆಕೆ ತಲೆಯಾಡಿಸಿದಳು, ನಾನು ಬರೆದುಕೊಂಡೆ. ಆತ ಎತ್ತು ಕಟ್ಟಲು ಹಿತ್ತಲಿಗೆ ಹೋದ. ಆಕೆ ನನ್ನ ಕೈಯೊಳಗಿನ ಹಾಳೆ ಮೇಲೆ ಬೆರಳಿಟ್ಟು, “ಅದು ಹೊಡದ ಹಾಕ್ರಿ,” ಅಂದಳು. ಅಂದಿನಿಂದ ಗಂಡ ಎದುರಿಗಿದ್ದಾಗ ತೆಗೆದುಕೊಂಡ ಉತ್ತರವನ್ನು ನಾನು ಲೆಕ್ಕಕ್ಕೆ ಸೇರಿಸುವುದಿಲ್ಲ.

ಆದರೆ ಕಸಗೊಳ್ಳುತ್ತಾರೆ ಅಂತ ಯೋಜನೆಯನ್ನೇ ನಿಲ್ಲಿಸುವುದು ಮದ್ದಲ್ಲ, ರೊಕ್ಕವನ್ನು ಆಕೆಯ ಕೈಗೇ ಮುಟ್ಟಿಸುವುದು ಮದ್ದು. ಇದನ್ನೂ ಮಧ್ಯಪ್ರದೇಶದಲ್ಲೇ ಪರೀಕ್ಷಿಸಿದ್ದಾರೆ. ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತವರ ಜತೆಗಾರರು 2021ರಲ್ಲಿ ಪ್ರಕಟಿಸಿದ ಅಧ್ಯಯನವದು. ಉದ್ಯೋಗ ಖಾತ್ರಿಯ ಕೂಲಿಯನ್ನು ಗಂಡನ ಖಾತೆಗೆ ಹಾಕುವ ಬದಲು ಹೆಂಡತಿಯ ಸ್ವಂತ ಖಾತೆಗೆ ಹಾಕಿ, ಖಾತೆ ಬಳಸುವುದು ಹೇಗೆಂದು ಒಂದು ಸಣ್ಣ ತರಬೇತಿಯನ್ನೂ ಕೊಟ್ಟರು. ಅಂಥ ಹೆಂಗಸರು ಹೆಚ್ಚು ದುಡಿದರು, ಖಾತ್ರಿ ಕೆಲಸದಲ್ಲಿ ಅಷ್ಟೇ ಅಲ್ಲ, ಹೊರಗಿನ ಕೆಲಸದಲ್ಲೂ. ಬರೀ ಖಾತೆ ತೆರೆದು ಪಾಸ್‌ಬುಕ್ ಕೊಟ್ಟು ಕಳಿಸಿದವರಲ್ಲಿ ಆ ಬದಲಾವಣೆ ಆಗಲಿಲ್ಲ.

ಹೀಗಾಗಿಯೇ ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ‘ಬ್ಯಾಂಕ್ ಮಿತ್ರ’ರ ಅಂಗಡಿಯ ಮುಂದೆ ನಿಂತಾಗ ನನಗೆ ತಡೆಯಲಾಗದಷ್ಟು ಸಿಟ್ಟು ಬರುತ್ತದೆ. ಹತ್ತಿ ಬಿಡಿಸಿ ಬಿಡಿಸಿ ಸವೆದ ಹೆಬ್ಬೆಟ್ಟು ಯಂತ್ರಕ್ಕೆ ಹತ್ತುವುದಿಲ್ಲ. ಸೆರಗಿಗೆ ಒರೆಸಿ ಒತ್ತುತ್ತಾರೆ, ತಲೆಗೆ ಒರೆಸಿ ಒತ್ತುತ್ತಾರೆ. ಮೂರನೇ ಸಲಕ್ಕೆ ಅಂಗಡಿಯವನು “ನಾಳಿ ಬಾ ಅವ್ವ” ಅಂತಾನೆ. ನಾಳೆ ಬಂದರೆ ಒಂದು ದಿನದ ಕೂಲಿ ಹೋಯಿತು. ಸೋಮಾರಿತನದ ಬಗ್ಗೆ ಪತ್ರ ಬರೆಯುವ ಯಾರೂ ಇದರ ಬಗ್ಗೆ ಈವರೆಗೆ ಒಂದು ಸಾಲು ಬರೆದಿಲ್ಲ.

ನನ್ನ ಮಾತಿಗೆ ಎದುರು ನಿಲ್ಲುವ ಅಧ್ಯಯನಗಳನ್ನು ಬಚ್ಚಿಡುವುದಿಲ್ಲ. 2024ರಲ್ಲಿ ಅಮೆರಿಕದಲ್ಲೊಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಸಾವಿರ ಮಂದಿಗೆ ಮೂರು ವರ್ಷ ತಿಂಗಳಿಗೆ 1000 ಡಾಲರ್ ಕೊಟ್ಟಿದ್ದರು. ಅವರು ಇತರರಿಗಿಂತ ವಾರಕ್ಕೆ ಸುಮಾರು 1.3 ಗಂಟೆ ಕಡಿಮೆ ದುಡಿದರು. ಇದನ್ನು ವಾಟ್ಸ್ಯಾಪಿನಲ್ಲಿ ‘ನೋಡಿ ಮೇಡಂ’ ಎಂದು ಕಳಿಸುವವರು ಬಹಳ. ಅಲ್ಲಿನ ಬಡತನ ಬೇರೆ, ಮೊತ್ತ ಬೇರೆ, ಆದರೂ ಬಂದ ಇಳಿಕೆ ವಾರಕ್ಕೆ ಒಂದು ಗಂಟೆ ಚಿಲ್ಲರೆ. ನನಗೆ ನಿಜವಾಗಿ ಚಿಂತೆ ಹಚ್ಚಿದ್ದು ಫಿಲಿಪ್ಪೀನ್ಸಿನ ಅಧ್ಯಯನ. ಹಳ್ಳಿಯ ಬಹುಪಾಲು ಮನೆಗಳಿಗೆ ನಗದು ಬಂದ ಕಡೆ ಮೊಟ್ಟೆಯಂಥ ಬೇಗ ಕೆಡುವ ಪೌಷ್ಟಿಕ ಆಹಾರದ ಬೆಲೆ ಏರಿತು. ಹಣ ಸಿಗದ ಮನೆಯ ಮಕ್ಕಳ ಬೆಳವಣಿಗೆ ಅದರಿಂದ ಕುಂಠಿತವಾಯಿತು. ನಮ್ಮಲ್ಲಿ ರೇಷನ್ ಕಾರ್ಡಿನ ಗೊಂದಲದಿಂದ ಹೊರಗುಳಿದ ಮನೆಗಳನ್ನು ನೆನೆದರೆ ಭಯವಾಗುತ್ತದೆ. ಯೋಜನೆಯನ್ನು ಟೀಕಿಸುವುದಾದರೆ ಇಲ್ಲಿಂದ ಟೀಕಿಸಿ, ನಾನೂ ಜತೆಗೆ ಬರುತ್ತೇನೆ.

ಮುಂದಿನ ಹಂಗಾಮಿಗೆ ಕೂಲಿಯನ್ನು ಸಂಜೆಯೇ ಕೊಟ್ಟು ನೋಡಿ, ಆಮೇಲೆ ನನಗೆ ಬರೆಯಿರಿ.

ಪ್ರಶ್ನೆ: ಸಂತೋಷ ಸೂಚ್ಯಂಕದಲ್ಲಿ ಭಾರತ ಪಾಕಿಸ್ತಾನಕ್ಕಿಂತ ಕೆಳಗೆ. ಇದು ವಿದೇಶಿಯರ ಕುತಂತ್ರವಲ್ಲವೇ?

ಅಲ್ಲ. 2025ರ ಪಟ್ಟಿಯ 147 ದೇಶಗಳಲ್ಲಿ ನಾವು 118, ಪಾಕಿಸ್ತಾನ 109, ನೇಪಾಳ 92. ಯಾರೋ ಕಚೇರಿಯಲ್ಲಿ ಕೂತು ಹಾಕಿದ ಅಂಕ ಅಲ್ಲ ಇದು. ‘ಸೊನ್ನೆಯಿಂದ ಹತ್ತು ಮೆಟ್ಟಿಲಿನ ಏಣಿ ಇದೆ, ನಿಮ್ಮ ಬದುಕು ಎಷ್ಟನೇ ಮೆಟ್ಟಿಲಲ್ಲಿದೆ’ ಎಂದು ಜನರನ್ನೇ ಕೇಳಿ, ಮೂರು ವರ್ಷದ ಸರಾಸರಿ ತೆಗೆಯುತ್ತಾರೆ. ಮೆಟ್ಟಿಲು ಹೇಳಿದವರು ನಮ್ಮವರೇ. ನಗುವ, ಹಬ್ಬ ಮಾಡುವ ಲೆಕ್ಕ ಅಲ್ಲ ಅದು, ‘ಸಂತೋಷ’ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ನೆರೆಯವರು ಯಾವ ಮೆಟ್ಟಿಲಲ್ಲಿದ್ದಾರೆ ಎಂಬ ಚಿಂತೆ ಬಿಡಿ.

ಪ್ರಶ್ನೆ: ಸಾವಿರಾರು ಮಂದಿಯನ್ನು ಮಾತ್ರ ಕೇಳಿ ಇಡೀ ದೇಶದ ಬಗ್ಗೆ ಹೇಗೆ ಹೇಳುತ್ತೀರಿ? ನಮ್ಮ ಮನೆಗಂತೂ ಯಾರೂ ಬಂದಿಲ್ಲ.

ಅನ್ನ ಬೆಂದಿದೆಯೇ ಎಂದು ಒಂದೇ ಅಗುಳು ಹಿಚುಕುತ್ತೀರಿ, ಆದರೆ ಅದಕ್ಕೆ ಮೊದಲು ಸೌಟಿನಿಂದ ತಳದವರೆಗೆ ತಿರುವಿರಬೇಕು. ನಮ್ಮ ಕಸುಬೆಲ್ಲ ಆ ತಿರುವುವುದರಲ್ಲಿದೆ, ಅಂದರೆ ಎಲ್ಲ ಬಗೆಯ ಮನೆಗಳಿಂದ ಚೀಟಿ ಎತ್ತಿದ ಹಾಗೆ ಮಂದಿಯನ್ನು ಆರಿಸುವುದರಲ್ಲಿ.

ಪ್ರಶ್ನೆ: ಮೊಟ್ಟೆ ತಿನ್ನದ ಮಕ್ಕಳೂ ಚೆನ್ನಾಗೇ ಬೆಳೆಯುತ್ತಾರೆ. ಶಾಲೆಯಲ್ಲಿ ಮೊಟ್ಟೆ ಯಾಕೆ?

ತಿನ್ನದವರಿಗೆ ಬಾಳೆಹಣ್ಣು ಇದ್ದೇ ಇದೆ. 2021ರ ಕೊನೆಯಲ್ಲಿ ಮೊದಲಿಗೆ ನಮ್ಮ ಭಾಗದ ಜಿಲ್ಲೆಗಳಲ್ಲಿ ಮೊಟ್ಟೆ ಶುರುವಾದಾಗ ಯಾದಗಿರಿಯ ಮಕ್ಕಳನ್ನು, ಆಗಿನ್ನೂ ಮೊಟ್ಟೆ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳ ಜತೆ ಹೋಲಿಸಿ ತೂಗಿ ನೋಡಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಐದರೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಜಿಲ್ಲೆ ಅದು. ಈ ಪ್ರಶ್ನೆಗೆ ಇನ್ನು ಮುಂದೆ ಉತ್ತರಿಸುವುದಿಲ್ಲ.

ಪ್ರಶ್ನೆ: ನಮ್ಮೂರಲ್ಲಿ ರೈತರಿಗಾಗಿ ಮೂರು ದಿನದ ‘ಆನಂದ ಶಿಬಿರ’ ಇಟ್ಟಿದ್ದಾರೆ. ಮನಸ್ಸು ಗಟ್ಟಿಯಿದ್ದರೆ ಸಾಲ ಏನೂ ಮಾಡುವುದಿಲ್ಲ, ಆತ್ಮಹತ್ಯೆ ನಿಲ್ಲುತ್ತವೆ ಅಂತಾರೆ. ಫೀಸು ಐದು ಸಾವಿರ. ಅಣ್ಣನನ್ನು ಕಳಿಸಲೇ?

ಬೇಡ. ಐದು ಸಾವಿರವನ್ನು ಅಣ್ಣನ ಕೈಗೆ ಕೊಡಿ.

ಇಂಥ ಶಿಬಿರದವರು ಮಾಡುವ ದೊಡ್ಡ ಅನ್ಯಾಯವೆಂದರೆ ಸಾಲದ ಭಾರ ಹೊತ್ತವನ ತಲೆ ಮೇಲೆ ‘ನಿನ್ನ ಮನಸ್ಸೇ ಸೋತಿದೆ’ ಎಂಬ ಇನ್ನೊಂದು ಭಾರ ಹೊರಿಸುವುದು. 2022–23ರಲ್ಲಿ ನೆಟೆ ರೋಗ ಬಂದು ಕಾಯಿಕಟ್ಟುವ ಹೊತ್ತಿಗೆ ತೊಗರಿ ನಿಂತಲ್ಲೇ ಒಣಗಿತು. ಆ ಹೊಲದ ಯಜಮಾನನಿಗೆ ಚಪ್ಪಾಳೆ ತಟ್ಟಿಸಿ, ಕಣ್ಣು ಮುಚ್ಚಿ ನಗಿಸಿದರೆ ಬೆಳೆ ಬರುತ್ತದೆಯೇ? ಇಂಡೋನೇಷ್ಯಾದಲ್ಲಿ ಬಡ ಮನೆಗಳಿಗೆ ನಗದು ನೆರವು ಹಂತಹಂತವಾಗಿ ಜಾರಿಗೆ ಬಂದಾಗ, ಬಂದ ಕಡೆ ಆತ್ಮಹತ್ಯೆಗಳು ಶೇ. 18ರಷ್ಟು ಇಳಿದವು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಮಳೆ ಚೆನ್ನಾಗಿ ಬಂದು ಬೆಳೆ ಕೈಗೆ ಹತ್ತಿದ ವರ್ಷವೂ ಇಳಿಕೆ ಕಂಡಿದೆ. ಬಡತನ ಖಿನ್ನತೆ ತರುತ್ತದೆ, ಖಿನ್ನತೆ ಬಡತನವನ್ನು ಗಟ್ಟಿ ಮಾಡುತ್ತದೆ. ಹಾಗಾಗಿ ಎರಡಕ್ಕೂ ಮದ್ದು ಬೇಕು, ಔಷಧಿಯನ್ನೂ ಕಡೆಗಣಿಸಬಾರದು.

ಅಣ್ಣ ಸರಿಯಾಗಿ ಉಣ್ಣುತ್ತಿಲ್ಲ, ನಿದ್ದೆ ಮಾಡುತ್ತಿಲ್ಲ ಎಂದು ಪತ್ರದ ಕೊನೆಗೆ ಬರೆದಿದ್ದೀರಲ್ಲ, ಅದೇ ಮುಖ್ಯ. ಇಂದೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ನೀವೇ ಜತೆಗೆ ಕರೆದುಕೊಂಡು ಹೋಗಿ. ಅಣ್ಣನನ್ನು ಒಬ್ಬನೇ ಬಿಡಬೇಡಿ. ‘ಧೈರ್ಯ ತಗೋ’ ಅಂತ ಹೇಳುವುದಕ್ಕಿಂತ, ಯಾರಿಗೆ ಎಷ್ಟು ಕೊಡಬೇಕು ಎಂದು ಕೇಳಿ ಜತೆಗೆ ಕೂತು ಬರೆಯಿರಿ. ಕೈಸಾಲದವರಲ್ಲಿ ಮೊದಲು ಯಾರ ಹತ್ತಿರ ಗಡುವು ಕೇಳಬಹುದು ಎನ್ನುವುದು ಆ ಹಾಳೆಯಲ್ಲಿ ಕಾಣುತ್ತದೆ.

ಪ್ರಶ್ನೆ: ಆಳಂದದಲ್ಲಿರುವ ನಮ್ಮವ್ವಗೆ ಗೃಹಲಕ್ಷ್ಮಿ ಬಂದಿಲ್ಲ. ಪಕ್ಕದ ಮನೆಯವರಿಗೆ ಬಂದಿದೆ. ಏನು ಮಾಡಲಿ?

ಪಕ್ಕದವರಿಗೆ ಬಂದಿದ್ದರೆ ತೊಡಕು ಅವ್ವನ ಕಾಗದದಲ್ಲೇ ಇರಬಹುದು. ರೇಷನ್ ಕಾರ್ಡಿನಲ್ಲಿರುವ ಹೆಸರೂ ಆಧಾರಿನ ಹೆಸರೂ ಒಂದೇ ಇವೆಯೇ ನೋಡಿ, ಒಂದು ಅಕ್ಷರ ಬೇರೆಯಾದರೂ ತೊಂದರೆ. ಬ್ಯಾಂಕಿನಲ್ಲಿ ‘ಆಧಾರ್ ಜೋಡಣೆ ಆಗಿದೆಯೇ’ ಎಂದಷ್ಟೇ ಕೇಳಬೇಡಿ, ‘ಸರ್ಕಾರದ ಹಣ ಇದೇ ಖಾತೆಗೆ ಬೀಳುವ ಹಾಗೆ ಜೋಡಣೆ ಆಗಿದೆಯೇ’ ಎಂದು ಕೇಳಿ. ಎರಡು ಖಾತೆ ಇದ್ದವರ ಹಣ ಅವರು ಮರೆತ ಹಳೆಯ ಖಾತೆಗೆ ಬಿದ್ದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಎಲ್ಲ ಸರಿಯಿದ್ದರೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬನ್ನಿ. ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅವ್ವನನ್ನು ಜತೆಗೇ ಕರೆದೊಯ್ಯಿರಿ, ಮುಂದಿನ ಸಲ ಅವರೊಬ್ಬರೇ ಹೋಗುವಂತಾಗಬೇಕು.